ಅಕ್ಕ ಕೇಳಿದ ಜಿಲೇಬಿ

ನಮ್ಮ ತಾಳವಾಡಿ ಕಡೆ ಜಿಲೇಬಿ ಅಂದರೆ ಮೊದಲು ನೆನಪಿಗೆ ಬರುವುದು ಮೀನು. ಸಕ್ಕರೆ ಪಾಕದಲ್ಲಿ ಅದ್ದಿದ ಸುತ್ತುಸುತ್ತಿನ ತಿಂಡಿ ಆಮೇಲೆ. ಈ ಮೀನನ್ನು ನಮ್ಮ ಕೆರೆಗಳಿಗೆ ಯಾರು ತಂದು ಬಿಟ್ಟರೋ ಗೊತ್ತಿಲ್ಲ, ತಮಿಳಿನವರು ಇಟ್ಟ ಹೆಸರು ಮೀನಿನ ಜೊತೆಗೇ ಬೆಟ್ಟ ಹತ್ತಿ ಬಂದು ನಮ್ಮ ಬಾಯಲ್ಲೂ ಉಳಿಯಿತು. ಓದಿದವರು ತಿಲಾಪಿಯ ಅನ್ನುತ್ತಾರಂತೆ. ಅಂಗೈಯಗಲದ ಕಪ್ಪು ಮೈ, ಬೆನ್ನ ಮೇಲೆ ಸೂಜಿಯಂಥ ಮುಳ್ಳಿನ ಸಾಲು, ಮೊಣಕಾಲುದ್ದ ಕೊಳಕು ನೀರಿದ್ದರೂ ಬದುಕಿಕೊಳ್ಳುವ ಹಟಮಾರಿ ಜೀವ. ಇದಕ್ಕೂ ಆ ತಿಂಡಿಗೂ ಏನು ನಂಟು ಎಂದು ಚಿಕ್ಕಂದಿನಲ್ಲಿ ಅಕ್ಕನನ್ನು ಕೇಳಿದ್ದೆ. "ಎರಡೂ ಬಾಯಲ್ಲಿ ನೀರ್ ಬರುಸ್ತವಲ್ಲ, ಅದ್ಕೇಯ ಕಣಮ್ಮಿ" ಎಂದಿದ್ದಳು. ಅವಳ ಹತ್ತಿರ ಎಲ್ಲದಕ್ಕೂ ಒಂದು ಉತ್ತರ ತಯಾರಾಗಿರುತ್ತಿತ್ತು.

ಅಪ್ಪ ಬೇಗ ತೀರಿಕೊಂಡಿದ್ದರಿಂದ ಮನೆಯಲ್ಲಿ ನಾವು ಮೂವರೇ: ಅವ್ವ, ಅಕ್ಕ, ನಾನು. ಕೆರೆಯ ಕೆಳಗೆ ಒಂದು ತುಂಡು ಹೊಲವಿತ್ತು. ರಾಗಿ ಹಾಕುತ್ತಿದ್ದೆವು, ನೀರಿದ್ದ ವರ್ಷ ಕೋಸು. ಮನೆಗೆ ಮೀನು ತರುವ ಕೆಲಸ ಅಕ್ಕನದು. ಬೇಸಿಗೆಯಲ್ಲಿ ಕೆರೆ ಇಳಿದಾಗ ಅಂಚಿನ ತೆಳು ನೀರಿನಲ್ಲಿ, ಕೆಸರಿನ ಮೇಲೆ, ತಟ್ಟೆಯಗಲದ ಗುಂಡಿಗಳು ಕಾಣುತ್ತವೆ. ಅದು ಗಂಡುಮೀನು ತೋಡಿಕೊಂಡ ಗೂಡು. ಅಕ್ಕ ಲಂಗ ಎತ್ತಿ ಸಿಕ್ಕಿಸಿ, ತನ್ನ ನೆರಳು ಹಿಂದಕ್ಕೆ ಬೀಳುವಂತೆ ಸೂರ್ಯನ ಕಡೆ ಮುಖ ಮಾಡಿ ಬಗ್ಗುತ್ತಿದ್ದಳು. ಎರಡು ಕೈಯನ್ನೂ ಎರಡು ಕಡೆಯಿಂದ ಮೆಲ್ಲಗೆ ತಂದು ಒಮ್ಮೆಗೇ ಅದುಮುತ್ತಿದ್ದಳು. ತಲೆಯಿಂದ ಬಾಲದ ಕಡೆಗೆ ಸವರಿ ಹಿಡಿದರೆ ಬೆನ್ನಿನ ಮುಳ್ಳು ಮಲಗುತ್ತದೆ, ಹಿಂದುಮುಂದಾಗಿ ಹಿಡಿದರೆ ಅಂಗೈ ಸೀಳುತ್ತದೆ. ನನಗೆ ಅವಸರ ಜಾಸ್ತಿ. ನನ್ನ ಅಂಗೈ ಯಾವತ್ತೂ ಸೀಳಿಕೊಂಡೇ ಇರುತ್ತಿತ್ತು.

ಕೆಲವು ಹೆಣ್ಣುಮೀನಿನ ಬಾಯಿ ಬಿಡಿಸಿದರೆ ಒಳಗೆ ಸಾಸಿವೆ ಗಾತ್ರದ ಮರಿಗಳು ತುಂಬಿರುತ್ತವೆ. ಮರಿ ಬಾಯಲ್ಲಿರುವಷ್ಟು ದಿನ ತಾಯಿ ಏನನ್ನೂ ತಿನ್ನುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಅಂಥದ್ದು ಕೈಗೆ ಸಿಕ್ಕರೆ ನೀರಿಗೆ ಬಿಟ್ಟುಬಿಡುತ್ತಿದ್ದಳು. ಕೈಗೆ ಬಂದದ್ದನ್ನು ಬಿಡುತ್ತಾಳಲ್ಲ ಎಂದು ನಾನು ಅಲ್ಲೇ ನಿಂತು ಜಗಳಕ್ಕೆ ಬೀಳುತ್ತಿದ್ದೆ.

ಹಿಡಿದದ್ದನ್ನು ಒರಟು ಕಲ್ಲಿನ ಮೇಲೆ ಬೂದಿ ಹಾಕಿ ಉಜ್ಜಿ, ಕಲ್ಲುಪ್ಪು ಅರಿಶಿನದಲ್ಲಿ ತೊಳೆದು ತೊಳೆದು ಕೆಸರಿನ ನಾತ ಬಿಡಿಸಬೇಕು. ಅವ್ವ ಹುಣಿಸೆಹಣ್ಣು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಅರೆದು ಸಾರು ಕುದಿಸುತ್ತಿದ್ದಳು. ರಾಗಿಮುದ್ದೆಯ ಜೊತೆ ಅದನ್ನು ಉಂಡವರಿಗೆ ಬೇರೆ ಊಟ ರುಚಿಸುವುದು ಕಷ್ಟ. ತಲೆ ಯಾವಾಗಲೂ ಅಕ್ಕನ ತಟ್ಟೆಗೆ. ಅದನ್ನು ಚೀಪಿ ಚೀಪಿ, ಒಂದೊಂದು ಮೂಳೆಯನ್ನೂ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಏಳುತ್ತಿದ್ದಳು.

ಅವಳು ಮದುವೆಯಾದದ್ದು ಮೀನು ತಿನ್ನುವುದಿರಲಿ, ಮೀನಿನ ಬುಟ್ಟಿ ಎದುರು ಬಂದರೆ ದಾರಿ ಬಿಟ್ಟು ನಡೆಯುವ ಮನೆಯ ಹುಡುಗನನ್ನು. ಲಿಂಗ ಕಟ್ಟಿಕೊಂಡವರು, ದಿನಾ ಶಿವಪೂಜೆಯಾಗದೆ ಒಲೆ ಹಚ್ಚದವರು. ಅವರ ಹೊಲ ಕೆರೆಯ ಆಚೆ ದಡದಲ್ಲಿತ್ತು. ಎಮ್ಮೆ ಮೈ ತೊಳೆಯಲು ಬರುತ್ತಿದ್ದ ಆ ಮಹರಾಯರು ಮಡಿಲಲ್ಲಿ ಮೀನು ಒದ್ದಾಡಿಸಿಕೊಂಡು ಏರಿ ಹತ್ತುತ್ತಿದ್ದ ಹುಡುಗಿಯಲ್ಲಿ ಏನು ಕಂಡರೋ! "ನಾತಕ್ಕೇ ಮರುಳಾಗವ್ರ" ಎಂದು ನಾನು ಅಕ್ಕನನ್ನು ರೇಗಿಸುತ್ತಿದ್ದೆ. ಇಬ್ಬರೂ ಹೇಳದೆ ಕೇಳದೆ ಹೋಗಿ ತಾಳಿ ಕಟ್ಟಿಕೊಂಡು ಬಂದಾಗ ರೇಗಿಸುವುದು ನಿಂತುಹೋಯಿತು. ಎರಡು ಕಡೆಯವರೂ ಅರಳಿಕಟ್ಟೆಯಲ್ಲಿ ಕೂತು ದಿನಗಟ್ಟಲೆ ಮಾತಾಡಿದರು.

ಕೊನೆಗೆ ಅವರ ಕಡೆಯ ಹಿರಿಯರೊಬ್ಬರು ತೀರ್ಮಾನ ಹೇಳಿದರು. ಹುಡುಗಿಗೆ ದೀಕ್ಷೆ ಕೊಟ್ಟು ಲಿಂಗ ಕಟ್ಟಿ ಮನೆ ತುಂಬಿಸಿಕೊಳ್ಳುವುದು. ಆದರೆ "ಇನ್ನೊಂದ್ಸಲ ಆ ಬಾಯ್ಗೆ ಮೀನು ಮಾಂಸ ಸೋಕ್ತು ಅಂದ್ರ, ನಾಳ ಸತ್ತಾಗ ನಮ್ ಗುಡ್ಡೆತೋಟ್ದಲ್ಲಿ ಜಾಗ ಕೇಳ್ಬಾರ್ದು." ಗುಡ್ಡೆತೋಟ ಅಂದರೆ ಅವರ ವಂಶದವರನ್ನೆಲ್ಲ ಮಣ್ಣು ಮಾಡುವ ಜಾಗ. ಇಪ್ಪತ್ತು ತುಂಬದ ಹುಡುಗಿಯ ಮುಂದೆ ಸಾವಿನ ಮಾತಾಡುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಕ್ಕ ತಲೆ ತಗ್ಗಿಸಿ "ಆಯ್ತು" ಎಂದಳು.

ಅವಳ ಆಯ್ತು ಅಂದರೆ ಆಯ್ತೇ. ಆ ಮನೆಯಲ್ಲಿ ಹುಟ್ಟಿದವರಿಗಿಂತ ಕಟ್ಟುನಿಟ್ಟಾದಳು. ತವರಿಗೆ ಬಂದರೆ ಜಗಲಿಯ ಮೇಲೆ ಕೂರುತ್ತಿದ್ದಳು, ಒಲೆಯ ಹತ್ತಿರ ಬರುತ್ತಿರಲಿಲ್ಲ. ಅವಳಿಗೆಂದೇ ಅವ್ವ ಹೊಸದೊಂದು ಲೋಟ ತಂದು, ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಿದ್ದಳು. ಅದರಲ್ಲಿ ಕಾಪಿ ಕುಡಿದು ಎದ್ದು ಹೋಗುತ್ತಿದ್ದಳು. ಹೆತ್ತ ಮಗಳಿಗೆ ಒಂದು ತುತ್ತು ಕೈಯಾರೆ ಉಣ್ಣಿಸಲಾಗದೆ ಅವ್ವ ಒಳಗೊಳಗೇ ಕೊರಗುತ್ತಿದ್ದಳು. ಮನೆಯಲ್ಲಿ ಮೀನು ಮಾಡಿದ ದಿನ ಅವ್ವ ತಲೆಯನ್ನು ಯಾರಿಗೂ ಬಡಿಸುತ್ತಿರಲಿಲ್ಲ. ಬೆಕ್ಕಿಗೆ ಹಾಕಿ, ಅದು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದಳು.

ಅಕ್ಕನಿಗೆ ಒಂದು ಹೆಣ್ಣುಮಗುವಾಯಿತು. ಮಾತು ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ಹೋಗಿಬಿಟ್ಟಿತು. ಆ ಮಗುವನ್ನು ಗುಡ್ಡೆತೋಟದ ಬೇಲಿಯ ಮೂಲೆಯಲ್ಲಿ, ಒಂದು ಹೊಂಗೆಮರದ ಬುಡದಲ್ಲಿ ಇಟ್ಟರು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಹೊಲಕ್ಕೆ ಹೋಗುವಾಗ ಬರುವಾಗ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು, ಹುಲ್ಲು ಕಿತ್ತು, ಮುಂದಕ್ಕೆ ಹೋಗುತ್ತಿದ್ದಳು. ಭಾವ ಒಂದು ದಿನವೂ ಇನ್ನೊಂದು ಮದುವೆಯ ಮಾತೆತ್ತಲಿಲ್ಲ. ಅವರ ತಾಯಿಯೂ ಸೊಸೆಗೆ ಚುಚ್ಚು ಮಾತಾಡಿದವರಲ್ಲ. ಆ ಮನೆಯವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಎಷ್ಟೋ ಸಲ ನೋಡಿದೆ, ಅವರು ಅದಕ್ಕೆ ಜಾಗವನ್ನೇ ಕೊಡಲಿಲ್ಲ.

ನಮ್ಮೂರು ಸೇರಿದ ತಮಿಳುನಾಡಿನ ಸರ್ಕಾರ ಮನೆಮನೆಗೆ ಕಲರ್ ಟೀವಿ ಕೊಡುತ್ತಿದ್ದ ಕಾಲದಲ್ಲಿ ಅಕ್ಕನಿಗೆ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಆಗ ನನಗೂ ಮದುವೆಯಾಗಿ ಅದೇ ಊರಿನಲ್ಲಿ, ಅವ್ವನ ಮನೆಯ ಹಿಂದಿನ ಬೀದಿಯಲ್ಲಿದ್ದೆ. ಅಕ್ಕ ಮೊದಲು ಮುದ್ದೆ ಬಿಟ್ಟಳು, ಆಮೇಲೆ ಅನ್ನ, ಆಮೇಲೆ ಗಂಜಿಯೂ ಕಷ್ಟವಾಯಿತು. ಭಾವ ಅವಳನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋಗಿಬರುತ್ತಿದ್ದರು. ಘಾಟಿಯ ತಿರುವುಗಳಲ್ಲಿ ಅವಳಿಗೆ ವಾಂತಿಯಾಗುತ್ತಿತ್ತು. ಬಸ್ಸು ದಿಂಬಂನಲ್ಲಿ ನಿಂತಾಗ ಎಲ್ಲರೂ ಇಳಿದು ಟೀ ಕುಡಿಯುತ್ತಿದ್ದರೆ ಅವಳು ಕಿಟಕಿಗೆ ತಲೆ ಕೊಟ್ಟು ಕೂತಿರುತ್ತಿದ್ದಳು. ಜೊತೆಗೆ ಹೋದಾಗ ಒಮ್ಮೆ ನಾನು ಟೀ ತಂದು ಕೊಟ್ಟೆ. ಬಾಯಲ್ಲಿ ಇಟ್ಟುಕೊಂಡಳು, ನುಂಗಲಾಗದೆ ಹೊರಗೆ ಉಗಿದಳು. ಅನ್ನನಾಳದಲ್ಲಿ ಗಡ್ಡೆ, ಬಲಿತುಬಿಟ್ಟಿದೆ, ಇನ್ನು ಕರೆದುಕೊಂಡು ಬರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಆ ಓಡಾಟವೂ ಮುಗಿಯಿತು.

ಒಂದು ಬೆಳಿಗ್ಗೆ ಭಾವ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದರು. ಕೆಟ್ಟ ಸುದ್ದಿಯೇ ಎಂದುಕೊಂಡು ಹೊರಗೆ ಓಡಿದೆ. ನೋಡಿದರೆ ಅವರ ಮುಖದಲ್ಲಿ ನಗು.

"ನಿಮ್ಮಕ್ಕ ಇವತ್ತು ಬಾಯ್ಬುಟ್ಟು ಕೇಳಿದ್ಲು ಕಣವ್ವ. ಏನಾದ್ರೂ ತಿನ್ಬೇಕು ಅನ್ನುಸ್ತದ ಅಂತ. ಏನು ಗೊತ್ತಾ? ಜಿಲೇಬಿ! ಎಂಗಿದ್ರೂ ಬಿಸೀದು ಚಾಮರಾಜನಗರ್ದಲ್ಲೇ ಸಿಕ್ಕದು. ಓಗಿ ತಕ್ಕಬತ್ತೀನಿ."

ಅಕ್ಕ ಸಿಹಿ ಮುಟ್ಟಿದವಳೇ ಅಲ್ಲ. ಚಿಕ್ಕಂದಿನಲ್ಲಿ ಸಂತೆಯಿಂದ ಅಪ್ಪ ತಂದ ಮಿಠಾಯಿಯಲ್ಲಿ ತನ್ನ ಪಾಲನ್ನೂ ನನಗೇ ಕೊಟ್ಟವಳು. ಭಾವನಿಗೆ ಆ ಮೀನಿನ ಹೆಸರು ಗೊತ್ತಿಲ್ಲವೆಂದಲ್ಲ, ಸಂತೆಯಲ್ಲಿ ಕೂಗಿ ಮಾರುವುದನ್ನು ಕೇಳಿಯೇ ಇರುತ್ತಾರೆ. ಆದರೆ ತನ್ನ ಹೆಂಡತಿಯ ಬಾಯಲ್ಲಿ ಆ ಮಾತು ಬಂದಾಗ ಅದು ಮೀನಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷದಲ್ಲಿ ಅಕ್ಕ ಅಷ್ಟು ಪೂರ್ತಿಯಾಗಿ ಆ ಮನೆಯವಳಾಗಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಬೀದಿ ದಾಟಿತ್ತು.

ಅವ್ವನಿಗೆ ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತಿದ್ದವಳು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗೆ ಹಾಕಿದಳು. "ಅಯ್ಯೋ ನನ್ ಕೂಸೇ" ಎಂದು ಎದೆಗೆ ಹೊಡೆದುಕೊಂಡಳು. ಆಮೇಲೆ ಒಮ್ಮೆಗೇ ಗಟ್ಟಿಯಾದಳು. "ಓಗಮ್ಮಿ ಕೆರೆಗೆ. ಒಂದೇ ಒಂದು ಸಿಕ್ಲಿ, ಸಾಕು."

ಆ ಹೊತ್ತಿಗೆ ಕೆರೆ ಮೊದಲಿನ ಹಾಗಿರಲಿಲ್ಲ. ಪಂಚಾಯಿತಿಯವರು ಮೀನನ್ನು ಏಲ ಹಾಕುತ್ತಿದ್ದರು. ಏಲ ಹಿಡಿದವರು ಕಾವಲು ಇಟ್ಟಿದ್ದರು. ಕಾವಲಿನವನು ಊಟಕ್ಕೆ ಎದ್ದು ಹೋಗುವುದನ್ನು ಕಾದು ಏರಿಯ ಹಿಂದಿನಿಂದ ಇಳಿದೆ. ರಾತ್ರಿ ಆನೆ ನೀರು ಕುಡಿದು ಹೋದ ಗುರುತು, ಲದ್ದಿ ಇನ್ನೂ ಹಸಿಯಾಗಿತ್ತು. ಗಾಳಕ್ಕೆ ಎರೆಹುಳು ಸಿಕ್ಕಿಸಿ ನೀರಿಗೆ ಬಿಟ್ಟೆ. ಒಂದು ಸಣ್ಣದು ಸಿಕ್ಕಿತು. ಆಮೇಲೆ ಎಷ್ಟು ಹೊತ್ತು ಕೂತರೂ ಏನೂ ಇಲ್ಲ. ನೀರಿಗೆ ಇಳಿದು ಅಕ್ಕನ ಹಾಗೆ ಬಗ್ಗಿ ಗುಂಡಿಗಳಲ್ಲಿ ಕೈಯಾಡಿಸಿದೆ. ಮೂರು ಸಲ ಜಾರಿಹೋದ ಮೇಲೆ ಒಂದು ದೊಡ್ಡ ಗಂಡುಮೀನು ಸಿಕ್ಕಿತು. ಹಿಂದುಮುಂದಾಗಿ ಹಿಡಿದಿದ್ದೆ. ಅಂಗೈಯಿಂದ ರಕ್ತ ಸೋರುತ್ತಿದ್ದರೂ ಬಿಡಲಿಲ್ಲ.

ಅವ್ವ ಅದನ್ನು ತೊಳೆದ ಹಾಗೆ ದೇವರ ಪಾತ್ರೆಯನ್ನೂ ಯಾರೂ ತೊಳೆದಿರಲಿಕ್ಕಿಲ್ಲ. ಮೂಳೆಯೆಲ್ಲ ಕರಗುವ ಹಾಗೆ ಕುದಿಸಿ, ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸಿದಳು. ತಿಳಿಯಾದ ಸಾರು, ನುಂಗಲು ಏನೂ ಅಡ್ಡಿಯಿಲ್ಲದ್ದು. ಅದನ್ನು ಪ್ಲಾಸ್ಕಿಗೆ ತುಂಬಿ ನನ್ನ ಕೈಗೆ ಕೊಟ್ಟಳು. "ಕಸಾಯ ಅಂತ ಏಳು. ನಾನು ಬಂದ್ರ ಅತ್ತು ಎಲ್ಲಾನೂ ಕೆಡುಸ್ಬುಡ್ತೀನಿ. ನೀನೇ ಓಗು" ಎಂದಳು.

ನಾನು ಆ ಮನೆಗೆ ಹೋದಾಗ ಭಾವ ಬಂದಾಗಿತ್ತು. ಅಕ್ಕನ ಮಂಚದ ಅಂಚಿನಲ್ಲಿ ಕೂತು, ಜಿಲೇಬಿಯನ್ನು ಹಾಲಿನಲ್ಲಿ ನೆನೆಸಿ, ಉಗುರಿನಷ್ಟು ಉಗುರಿನಷ್ಟು ಮಾಡಿ ಅವಳ ಬಾಯಿಗಿಡುತ್ತಿದ್ದರು. ಅವರ ತಾಯಿ ಬಾಗಿಲಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದರು. "ನೋಡವ್ವ, ತಿಂತಾವ್ಳ. ವಾರಾಯ್ತು ಏನಾರೂ ತಿಂದು. ಇವತ್ತು ತಿಂತಾವ್ಳ" ಎಂದರು. ಅಕ್ಕ ನನ್ನನ್ನು ನೋಡಿದಳು. ಕಣ್ಣು ನನ್ನ ಕೈಯಲ್ಲಿದ್ದ ಪ್ಲಾಸ್ಕಿಗೆ ಇಳಿಯಿತು, ಅಲ್ಲಿಂದ ನನ್ನ ಅಂಗೈಯ ಗಾಯಕ್ಕೆ. ಅವಳಿಗೆ ಎಲ್ಲ ಗೊತ್ತಾಯಿತು.

"ಅವ್ವ ಕಸಾಯ ಕೊಟ್ಟವ್ಳ" ಎಂದೆ.

"ವಸಿ ವೊತ್ತು ನನ್ ತಂಗಿ ಜೊತ ಬುಡಿ" ಎಂದು ಅಕ್ಕ ಅವರಿಬ್ಬರಿಗೂ ಹೇಳಿದಳು. ದನಿ ಪಿಸುಗುಟ್ಟಿದಷ್ಟೇ ಇತ್ತು. ಭಾವ ಅವಳ ತುಟಿ ಒರೆಸಿ, ತಟ್ಟೆ ತೆಗೆದುಕೊಂಡು, ತಾಯಿಯ ಜೊತೆ ಹೊರಗೆ ಹೋದರು.

ಬಾಗಿಲು ಮುಚ್ಚಿದ ಕೂಡಲೇ ಅಕ್ಕ ನನ್ನ ಕೈ ಎಳೆದುಕೊಂಡಳು. ತಲೆ ಓರೆ ಮಾಡಿ, ದವಡೆಯಲ್ಲಿ ಒತ್ತಿಟ್ಟುಕೊಂಡಿದ್ದ ಜಿಲೇಬಿಯನ್ನೆಲ್ಲ ನನ್ನ ಅಂಗೈಗೆ ಉಗಿದಳು. ಒಂದು ಚೂರೂ ಒಳಗೆ ಹೋಗಿರಲಿಲ್ಲ. ಅಂಟುಪಾಕ ಗಾಯಕ್ಕೆ ತಾಗಿ ಚುರುಗುಟ್ಟಿತು. ಸೆರಗಿನ ತುದಿಯಲ್ಲಿ ಅದನ್ನು ಕಟ್ಟಿಕೊಂಡೆ.

"ನುಂಗಕ್ಕಾಗಲ್ಲ. ಅವ್ರ ಮುಂದ ಉಗಿಯಕ್ಕೂ ಆಗಲ್ಲ" ಎಂದಳು.

ನಾನು ಪ್ಲಾಸ್ಕಿನ ಮುಚ್ಚಳ ತೆಗೆದೆ. ಹುಣಿಸೆ, ಬೆಳ್ಳುಳ್ಳಿಯ ವಾಸನೆ, ಅದರಡಿಯಲ್ಲಿ ಎಷ್ಟು ತೊಳೆದರೂ ಹೋಗದ ಕೆರೆಯ ವಾಸನೆ. ಅಕ್ಕ ಕಣ್ಣು ಮುಚ್ಚಿ ಮೂಗಿನ ತುಂಬ ಎಳೆದುಕೊಂಡಳು. ಅವಳ ಗಂಟಲು ಮೇಲೆ ಕೆಳಗೆ ಆಡಿತು. ನಾನು ಚಮಚಕ್ಕೆ ಬಗ್ಗಿಸಿ ಬಾಯಿಯ ಹತ್ತಿರ ಹಿಡಿದೆ. ಅವಳು ತುಟಿ ಬಿಗಿದುಕೊಂಡಳು.

"ಕುಡಿಯಕ್ಕ. ಯಾರೂ ಇಲ್ಲ ಇಲ್ಲಿ."

"ಬ್ಯಾಡ."

"ನೀನೇ ತಾನೆ ಕೇಳಿದ್ದು?"

"ನಿದ್ದಗಣ್ಣಲ್ಲಿ ಬಾಯ್ಗೆ ಬಂದ್ಬುಡ್ತು ಕಣಮ್ಮಿ. ಕೇಳ್ಬೇಕು ಅಂತ ಕೇಳ್ನಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಸಾಯುವವಳ ಮುಂದೆ ಸಿಟ್ಟು ಮಾಡಬಾರದು ಎಂಬುದೆಲ್ಲ ಮರೆತುಹೋಯಿತು. "ಯಾರು ಬಂದು ನೋಡ್ತಾರ? ಯಾವನು ನಿನ್ ಒಟ್ಟೆ ಬಗ್ದು ನೋಡ್ತಾನ? ನಿನ್ ಗಂಡಂಗೆ ನಾನೇ ಏಳ್ತೀನಿ, ಬೇಕಾದ್ರ ಜಗಳ ಆಡ್ತೀನಿ" ಎಂದೆ.

"ಏಳಿದ್ರ ಅವ್ರು ಬ್ಯಾಡ ಅನ್ನಲ್ಲ. ತಾವೇ ಕೆರೆಗೆ ಇಳಿದ್ರೂ ಇಳಿದಾರು" ಎಂದಳು ಅಕ್ಕ. ಸ್ವಲ್ಪ ಉಸಿರು ತೆಗೆದುಕೊಂಡಳು. "ಆದ್ರ ನಾನು ತಿಂದುದ್ದು ಒಬ್ರ ಕಿವಿಗ್ ಬಿದ್ರೂ, ನನ್ನ ಎಲ್ಲಿ ಮಡಗ್ತಾರಮ್ಮಿ? ನನ್ ಕೂಸು ಒಂದೇ ಅದ ಅಲ್ಲಿ. ಇಷ್ಟು ವರ್ಸ ಬಾಯ್ ಕಟ್ಕಂಡಿರದು ಯಾತಕ್ಕ ಅಂತಿದ್ದೀಯ?"

ಅವಳ ಕಟ್ಟುನಿಟ್ಟೆಲ್ಲ ಗಂಡನ ಮನೆಯ ಮೇಲಿನ ಭಕ್ತಿ ಎಂದುಕೊಂಡಿದ್ದೆ. ಮೊದಮೊದಲು ಅದೇ ಇದ್ದಿರಬೇಕು. ಮಗು ಹೋದ ಮೇಲೆ ಅವಳು ಕಾದುಕೊಂಡಿದ್ದದ್ದು ಹೊಂಗೆಮರದ ಬುಡದ ಆ ಮೂಲೆಯನ್ನು.

"ಮುಚ್ಚು ಅದ. ವಾಸ್ನ ಓಗ ಅಂಗ ಒಂದು ಊದುಬತ್ತಿ ಅಚ್ಚು" ಎಂದಳು. ನಾನು ಹಚ್ಚಿದೆ. ಬಾಗಿಲ ಹತ್ತಿರ ಹೋದವಳನ್ನು ಮತ್ತೆ ಕರೆದಳು. "ಅವ್ವಂಗೆ ತಿಂದ್ಲು ಅಂತ ಏಳು. ಪೂರ್ತಿ ಕುಡುದ್ಲು ಅಂತ ಏಳು. ಇಲ್ದಿದ್ರ ಅವ್ವ ಬದುಕಲ್ಲ."

ಜಗಲಿಯಲ್ಲಿ ಭಾವ ಕಾಯುತ್ತಿದ್ದರು. "ಕಸಾಯ ಕುಡುದ್ಲಾ?" ಎಂದು ಕೇಳಿದರು. ತಲೆಯಾಡಿಸಿದೆ. "ಜಿಲೇಬಿ ಒಂದು ಪೂರ್ತಿ ತಿಂದ್ಲು ಕಣವ್ವ" ಎಂದರು. ಅದಕ್ಕೂ ತಲೆಯಾಡಿಸಿದೆ.

ದಾರಿಯಲ್ಲಿ ಕೆರೆ ಏರಿಯ ಮೇಲೆ ಕೂತೆ. ಸೆರಗಿನ ಗಂಟು ಬಿಚ್ಚಿ ಜಿಲೇಬಿಯ ಮುದ್ದೆಯನ್ನು ಇರುವೆಗಳಿಗೆ ಹಾಕಿದೆ. ಪ್ಲಾಸ್ಕನ್ನು ಮಾತ್ರ ಬರಿದು ಮಾಡುವ ದಾರಿ ತಿಳಿಯಲಿಲ್ಲ. ಅವ್ವ ಅಷ್ಟು ಆಸೆಯಿಂದ ಸೋಸಿದ್ದನ್ನು ನೆಲಕ್ಕೆ ಚೆಲ್ಲಲು ಕೈ ಬರಲಿಲ್ಲ. ಮುಚ್ಚಳಕ್ಕೆ ಬಗ್ಗಿಸಿಕೊಂಡು ನಾನೇ ಕುಡಿಯತೊಡಗಿದೆ. ಅಳುತ್ತ ಕುಡಿದೆ, ಬಿಕ್ಕಳಿಸುತ್ತ ಕುಡಿದೆ, ತಳದ ಹನಿಯವರೆಗೂ ಕುಡಿದೆ. ಆಚೆ ದಡದಲ್ಲಿ ಕಾವಲಿನವನು ಬೀಡಿ ಸೇದುತ್ತ ನನ್ನನ್ನೇ ನೋಡುತ್ತಿದ್ದ.

ಅವ್ವ ಬಾಗಿಲಲ್ಲೇ ಇದ್ದಳು. ಪ್ಲಾಸ್ಕು ಕಸಿದುಕೊಂಡು, ಮುಚ್ಚಳ ತೆಗೆದು, ಬೋರಲು ಮಾಡಿ ನೋಡಿದಳು. ಏನೂ ಬೀಳಲಿಲ್ಲ. ಅವ್ವನ ಮುಖ ಅರಳಿದ್ದು ಎಷ್ಟೋ ತಿಂಗಳ ಮೇಲೆ.

"ಉಪ್ಪು ಸರೀಗಿತ್ತಂತಾ?"

"ಇತ್ತಂತೆ ಕಣವ್ವ. ಚೆನ್ನಾಗದ ಅಂದ್ಲು."

ಆ ವಾರವೇ ಅಕ್ಕ ಹೋದಳು. ಅವರ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಹೂವಿಟ್ಟು ಹೊತ್ತುಕೊಂಡು ಹೋದರು. ಅವತ್ತು ಅರಳಿಕಟ್ಟೆಯಲ್ಲಿ ಷರತ್ತು ಹಾಕಿದ್ದ ಹಿರಿಯರೇ ಕೋಲೂರಿಕೊಂಡು ಬಂದು, ಇಂಥ ಸೊಸೆ ಮತ್ತೆ ಸಿಕ್ಕುವುದಿಲ್ಲ ಎಂದು ಕಣ್ಣೀರು ಹಾಕಿದರು. ಅವರ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಗುಂಡಿಯನ್ನು ಹೊಂಗೆಮರದ ಬುಡದಲ್ಲೇ, ಮಗುವಿನ ಪಕ್ಕದಲ್ಲೇ ತೋಡಿದ್ದರು. ಅದನ್ನು ಕಂಡ ಮೇಲೆ ಸುಮ್ಮನಾದೆ.

ವರ್ಷಕ್ಕೊಮ್ಮೆ ಅವಳ ದಿನ ಮಾಡುತ್ತಾರೆ. ಭಾವ ಬೆಳಿಗ್ಗೆಯೇ ಚಾಮರಾಜನಗರಕ್ಕೆ ಹೋಗಿ ಬಿಸಿ ಜಿಲೇಬಿ ತರುತ್ತಾರೆ. ಬಾಳೆಯೆಲೆಯ ನಡುವೆ ಅದನ್ನೇ ಎಡೆಗಿಡುತ್ತಾರೆ. ಅವರ ತಾಯಿ ಮೊದಲ ಜಿಲೇಬಿಯನ್ನು ನನ್ನ ಕೈಗೆ ಕೊಟ್ಟು "ತಿನ್ನವ್ವ, ನಿಮ್ಮಕ್ಕ ಆಸ ಪಟ್ಟಿದ್ದು" ಎನ್ನುತ್ತಾರೆ. "ಅವ್ಳು ನನ್ನ ಏನೂ ಕೇಳ್ದೋಳಲ್ಲ. ಕೇಳಿದ್ದು ಅದೊಂದೇಯ. ಅದ್ನಾರೂ ನನ್ ಕೈಯಾರ ತಿನ್ನುಸ್ದೆ" ಎಂದು ಭಾವ ಪ್ರತಿ ವರ್ಷ ಹೇಳುತ್ತಾರೆ. "ಊಂ ಬಾವ" ಎನ್ನುತ್ತೇನೆ, ಜಿಲೇಬಿ ತಿನ್ನುತ್ತೇನೆ.

ಮನೆಗೆ ಬಂದರೆ ಅವ್ವ ಕಾದಿರುತ್ತಾಳೆ. "ಎಡೆಗ ಏನ್ ಮಡಗಿದ್ರು?" ಎಂದು ಕೇಳುತ್ತಾಳೆ. ಜಿಲೇಬಿ ಎಂದರೆ ಬೊಚ್ಚು ಬಾಯಿ ಅಗಲಿಸಿ ನಗುತ್ತಾಳೆ. "ಮಡಗ್ಲಿ ಬುಡು, ಪಾಪ, ಅವ್ರಿಗೇನು ಗೊತ್ತು? ನನ್ ಕೂಸು ನನ್ ಕೈ ಸಾರು ಕುಡುದೇ ಓಗದ. ಅಲ್ವಾ?" ಎನ್ನುತ್ತಾಳೆ. ಅವ್ವನಿಗೂ ಊಂ ಎನ್ನುತ್ತೇನೆ.

ಅಕ್ಕ ಹಸಿದುಕೊಂಡೇ ಹೋದಳು.